ಅಳೆಯದೆ ಬರೆದ ಸೊನ್ನೆ

ನಾನು ಒಂದು ಸೊನ್ನೆ ಬರೆದೆ. ಅಳೆಯದೆ ಬರೆದೆ. ಆಮೇಲೆ ಆ ಸೊನ್ನೆಯನ್ನು ಉಳಿಸಿಕೊಳ್ಳಲು ಒಬ್ಬ ಮನುಷ್ಯನ ಮರ್ಯಾದೆ ತೆಗೆದೆ.

ಅವರ ಹೆಸರು ಕೇತೇಗೌಡ. ನಮ್ಮ ಗ್ಯಾಸ್ ಪೈಪ್‌ಲೈನಿನ ಒಂದು ವಾಲ್ವ್ ಸ್ಟೇಷನ್ನಿನಲ್ಲಿ ಕಾವಲಿಗಿದ್ದರು. ವಾಲ್ವಿನ ಬೋಲ್ಟು ಸಡಿಲಿಸಿದ ಎಂಬ ಅಪವಾದ ಹೊತ್ತು ಕೆಲಸ ಕಳೆದುಕೊಂಡರು. ಅವರು ಸಡಿಲಿಸಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮೊದಲೇ ಇಷ್ಟನ್ನು ಹೇಳಿಬಿಟ್ಟಿದ್ದೇನೆ. ಮುಂದಿನದನ್ನು ಓದುವಾಗ ನನ್ನ ಮೇಲೆ ಕನಿಕರ ಬಂದರೆ ಈ ಸಾಲುಗಳಿಗೆ ಹಿಂತಿರುಗಿ.

ನಮ್ಮದು ಲೊಕ್ಕನಹಳ್ಳಿ ಕಡೆ. ಕಾಡಂಚಿನ ಹೊಲ, ರಾಗಿಯಲ್ಲಿ ಹಂದಿ ತಿಂದು ಬಿಟ್ಟದ್ದು ನಮಗೆ. ಅಪ್ಪ ದನ ಮೇಯಿಸಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಬೆಳಗಿನ ಬಸ್ಸಿಗೆ ನಿಂತುಕೊಂಡೇ ಕೊಳ್ಳೇಗಾಲಕ್ಕೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದೆ. ಪದವಿ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದಾಗ ಅಪ್ಪ, “ಇದ್ರಲ್ಲಿ ನಿನ್ ಎಸ್ರು ಎಲ್ಲದವ್ವ?” ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಅಂದಿನಿಂದ ವಾರಕ್ಕೊಮ್ಮೆ ಟವೆಲಿನ ತುದಿಯಲ್ಲಿ ಆ ಜಾಗವನ್ನಷ್ಟೇ ಒರೆಸುತ್ತಾರೆ. ಉಳಿದ ಗಾಜಿನ ಮೇಲೆ ದೂಳು ಕೂತಿದೆ.

ಆ ಪದವಿಯ ಬಗ್ಗೆ ನನಗೆ ಹೆಮ್ಮೆ ಇತ್ತು, ಈಗಲೂ ಇದೆ. ಸುಮ್ಮನೆ ಸಿಕ್ಕಿದ್ದಲ್ಲ ಅದು. ಆದರೆ ಅದೇ ಹೆಮ್ಮೆ — ಇರಲಿ, ಅದಕ್ಕೆ ಬರುತ್ತೇನೆ.

ನನ್ನ ಕೆಲಸವನ್ನು ಊರಿನಲ್ಲಿ ಯಾರಿಗೂ ಅರ್ಥಮಾಡಿಸಲು ಆಗಲಿಲ್ಲ. “ನಮ್ಮುಡ್ಗಿ ಗಾಳಿ ಅಳೀತಾಳೆ” ಎಂದು ಅಪ್ಪ ಹೇಳಿಕೊಂಡು ತಿರುಗಿದರು. “ಗಾಳೀನೂ ಸೇರಲ್ಲಿ ಅಳ್ದಾರಾ? ತೂರ್ಕಳಕ್ಕೆ ನಮ್ ಕಣಕ್ಕೂ ಒಂದೆರಡ್ ಸೇರು ಕಳ್ಸು ಅನ್ನು” ಎಂದು ಎದುರುಮನೆಯ ದೊಡ್ಡಪ್ಪ ಆಡಿಕೊಂಡರು. ವಿಷಯ ಇಷ್ಟೇ: ನೆಲದಡಿಯ ದೊಡ್ಡ ಪೈಪಿನಲ್ಲಿ ಹೋಗುವ ಅನಿಲ ಬಹುಪಾಲು ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅಡುಗೆಮನೆಯ ಸಿಲಿಂಡರಿನಲ್ಲಿ ನಮಗೆ ಗೊತ್ತಾಗುವ ಆ ನಾತ ಬೇರೆಯಾಗಿ ಬೆರೆಸಿದ್ದು; ನಮ್ಮ ಲೈನಿನಲ್ಲಿ ಅದನ್ನು ಬೆರೆಸುವುದಿಲ್ಲ. ಹಾಗಾಗಿ ಸೋರಿದರೆ ಮೂಗಿಗೆ ತಿಳಿಯುವುದಿಲ್ಲ. ಸುಮ್ಮನೆ ಮೇಲೆ ಹೋಗುತ್ತದೆ. ಹೋಗಿ ಭೂಮಿಯ ಬಿಸಿ ಏರಿಸುತ್ತದೆ — ಹೊಗೆಯಲ್ಲಿ ಬರುವ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ.

ಅದನ್ನು ತಗ್ಗಿಸಬೇಕೆಂದು ನಮ್ಮ ಕಂಪನಿ ಒಂದು ಕಾರ್ಯಕ್ರಮ ಶುರುಮಾಡಿತು. ಪೈಪ್‌ಲೈನಿಗೆ ಅಲ್ಲಲ್ಲಿ ವಾಲ್ವ್ ಸ್ಟೇಷನ್ನುಗಳಿವೆ: ಬೇಲಿ ಹಾಕಿದ ಅಂಗಳ, ನೆಲದಿಂದ ಮೇಲೆದ್ದ ಪೈಪುಗಳು, ಹರಿವನ್ನು ನಿಲ್ಲಿಸುವ ದೊಡ್ಡ ವಾಲ್ವುಗಳು, ಕಾವಲುಗಾರನಿಗೊಂದು ಕೋಣೆ. ಅಲ್ಲಿನ ಒಂದೊಂದು ಜೋಡಣೆಗೂ ನಂಬರಿನ ಬಿಲ್ಲೆ ಕಟ್ಟಿದರು. ನಾನು ಡಿಟೆಕ್ಟರಿನ ಮೂತಿಯನ್ನು ಪ್ರತಿ ಜೋಡಣೆಯ ಸುತ್ತ ನಿಧಾನವಾಗಿ ಸುತ್ತಿಸಬೇಕು, ತಾಳ್ಮೆಯಿಂದ ನಿಲ್ಲಬೇಕು, ಅಂಕಿ ಏರಿದರೆ ಕೆಂಪು ಪಟ್ಟಿ ಕಟ್ಟಬೇಕು. ಕೆಂಪು ಪಟ್ಟಿ ಕಟ್ಟಿದ್ದು ರಿಪೇರಿಯ ಪಟ್ಟಿಗೆ ಸೇರುತ್ತದೆ. ಅಂಕಿ ಏರದಿದ್ದರೆ ಸೊನ್ನೆ ಎಂದು ಬರೆದು ಮುಂದಿನದಕ್ಕೆ ಹೋಗಬೇಕು. ಒಟ್ಟಿನಲ್ಲಿ ಇಡೀ ಕಾರ್ಯಕ್ರಮ ನಿಂತಿದ್ದು ನನ್ನಂಥವರು ಬರೆಯುವ ಅಂಕಿಯ ಮೇಲೆ.

ಯಳಂದೂರು ದಾಟಿ ಅಗರದ ಕಡೆಯ ಗದ್ದೆಗಳ ನಡುವಿನ ಸ್ಟೇಷನ್ ಕೇತಣ್ಣನದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರವರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಅಂಗಳದಲ್ಲಿ ಒಂದು ಹುಲ್ಲುಕಡ್ಡಿ ಏಳಲು ಬಿಡುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಕುರ್ಚಿಯನ್ನು ನೆರಳಿಗೆ ಎಳೆದು, ಕೂರದ ಹೊರತು ಬಿಡುತ್ತಿರಲಿಲ್ಲ.

ಅವತ್ತು ಡಿಟೆಕ್ಟರಿಗೆ ಚಾರ್ಜ್ ಹಾಕಿರಲಿಲ್ಲ. ಹಿಂದಿನ ದಿನ ಊರಲ್ಲಿ ಕರೆಂಟ್ ಇರಲಿಲ್ಲ — ಇದು ನೆಪ. ಬೆಳಿಗ್ಗೆ ಆಫೀಸಿನಲ್ಲಿ ಹಾಕಬಹುದಿತ್ತು, ಮರೆತೆ. ಅರ್ಧ ಅಂಗಳ ಮುಗಿಸುವಷ್ಟರಲ್ಲಿ ಯಂತ್ರ ಸತ್ತುಹೋಯಿತು. ಮೂಲೆಯ ವಾಲ್ವಿನ ಸುತ್ತಲ ಜೋಡಣೆಗಳು ಉಳಿದಿದ್ದವು. ಹಿಂದಿರುಗಿ ಇನ್ನೊಂದು ದಿನ ಬರುತ್ತೇನೆ ಎಂದರೆ ಯಾಕೆ ಎಂದು ಕೇಳುತ್ತಾರೆ. ನಾನಿನ್ನೂ ಕಾಯಂ ಆಗಿರಲಿಲ್ಲ. ಆ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಬೇರೆ. ಚಾರ್ಜ್ ಹಾಕುವುದನ್ನು ಮರೆತಳು ಎಂದರೆ — ನಗುವವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಕುರ್ಚಿಯಲ್ಲಿ ಕೂತು, ಹಿಂದಿನ ಸುತ್ತಿನ ಹಾಳೆ ನೋಡಿಕೊಂಡು, ಉಳಿದಿದ್ದಕ್ಕೆಲ್ಲ ಸೊನ್ನೆ ಬರೆದೆ. ಐದು ನಿಮಿಷವೂ ಹಿಡಿಯಲಿಲ್ಲ.

ಕೇತಣ್ಣ ನೀರಿನ ಚೊಂಬು ಹಿಡಿದು ಬಂದರು.

“ಮೇಡಮ್ನೋರೆ, ಆ ಮೂಲೆ ವಾಲ್ವು ಮಾತಾಡ್ತದೆ ಕಣ್ರಿ.”

ನನಗೆ ನಗು ಬಂತು. “ಏನಂತದೆ ಕೇತಣ್ಣ?”

“ಉಸ್ಸ್ ಅಂತದೆ. ಬೆಳಗಾನೆ ಲಾರಿ ಓಡಾಟ ಇಲ್ದಾಗ ಕಿವಿಗೊಟ್ರೆ ಕೇಳ್ತದೆ. ಒಂದಪ ನೋಡ್ಬುಟ್ಟು ಓಗಿ.”

“ನೋಡಿವ್ನಿ ಕಣಣ್ಣ. ಸೊನ್ನೆ ಅದೆ. ಮಿಷಿನ್ಗಿಂತ ನಿನ್ ಕಿವಿ ದೊಡ್ದಾ?”

“ನನ್ ಕಿವೀಗೆ ಬ್ಯಾಟ್ರಿ ಬ್ಯಾಡ್ವಲ್ಲ ಮೇಡಮ್ನೋರೆ” ಎಂದು ಅವರೂ ನಕ್ಕರು.

ನಾನು ಥಟ್ಟನೆ ಅವರ ಮುಖ ನೋಡಿದೆ. ಅದರಲ್ಲಿ ಕುಹಕವೇನೂ ಇರಲಿಲ್ಲ. ಇದೆಯೆಂದು ನನಗೆ ಅನಿಸಿತು, ಸಿಟ್ಟು ಬಂತು. ನೀರು ಕುಡಿಯದೆ ಎದ್ದೆ.

ಒಂದು ವಾರ ಕಳೆದು ಅವರ ಫೋನು ಬಂತು. ನಮ್ಮ ಫಿಟ್ಟರುಗಳು ಸೋಪಿನ ನೀರು ಬಳಿದು ಸೋರಿಕೆ ಹುಡುಕುವುದನ್ನು ಅವರು ನೋಡಿದ್ದರು. ಸ್ಟೇಷನ್ನಿನಲ್ಲಿ ಸೋಪಿನ ಬಾಟಲಿ ಖಾಲಿಯಾಗಿತ್ತಂತೆ. ಬೆಟ್ಟದಿಂದ ತಂದಿದ್ದ ಅಂಟುವಾಳಕಾಯಿ ನೆನೆಹಾಕಿ, ಕಿವುಚಿ, ದಪ್ಪ ನೊರೆ ಎಬ್ಬಿಸಿ ಮೂಲೆಯ ಜೋಡಣೆಗೆ ಬಳಿದಿದ್ದಾರೆ. ಸೋಲಿಗರ ಮನೆಗಳಲ್ಲಿ ಬಟ್ಟೆಗೂ ತಲೆಗೂ ಬಳಸುವ ಕಾಯಿ ಅದು.

“ಗುಳ್ಳೆ ಎದ್ದೆದ್ದು ಬತ್ತಾವೆ ಮೇಡಮ್ನೋರೆ, ಪಾಯ್ಸ ಕುದ್ದಂಗೆ. ಒರೆಸಿ ಇನ್ನೊಂದಪ ಬಳುದ್ರೂ ಅದೇ ಜಾಗ್ದಲ್ಲೇ ಬತ್ತಾವೆ.”

ಕೇಳಿದ ಕ್ಷಣವೇ ನಿಜ ಎಂದು ತಿಳಿಯಿತು. ಗುಳ್ಳೆ ಸುಳ್ಳು ಹೇಳುವುದಿಲ್ಲ. ಅವತ್ತೇ ಹೋಗಬಹುದಿತ್ತು. ಹೋಗಿ, ಅಳೆದು, ಕೆಂಪು ಪಟ್ಟಿ ಕಟ್ಟಿ, ‘ಈಗ ಸೋರುತ್ತಿದೆ’ ಎಂದು ಬರೆದಿದ್ದರೆ ನನ್ನ ಹಳೆಯ ಸೊನ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಭಯಪಡಲು ಕಾರಣವೇ ಇರಲಿಲ್ಲ. ಆದರೂ ಹೋಗಲಿಲ್ಲ. ಯಾಕೆ ಎಂದು ನಾಲ್ಕು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಪದವಿ ಇರುವ ನಾನು ಕೂತು ಬರೆದದ್ದನ್ನು, ಹೆಸರು ಬರೆಯಲು ಬಾರದ ಕಾವಲುಗಾರ ಕಾಡಿನ ಕಾಯಿ ತಂದು ಸುಳ್ಳು ಮಾಡಿದ್ದ. ಅದಕ್ಕೆ ಹೋಗಲಿಲ್ಲ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

“ನೀನು ಅದನ್ನೆಲ್ಲ ಮುಟ್ಬೇಡ ಕೇತಣ್ಣ. ಮುಂದಿನ ಸುತ್ತಲ್ಲಿ ನೋಡ್ತೀನಿ” ಎಂದು ಫೋನ್ ಇಟ್ಟೆ. ಮುಂದಿನ ಸುತ್ತು ಬರಲು ತಿಂಗಳುಗಳಿದ್ದವು.

ಅದಕ್ಕೆ ಮೊದಲೇ ಹೆಡ್ ಆಫೀಸಿನಿಂದ ತಪಾಸಣೆ ಬಂತು. ಬಂದ ಸಾಹೇಬರ ಬಳಿ ಒಂದು ಕ್ಯಾಮೆರಾ ಇತ್ತು. ಕಣ್ಣಿಗೆ ಕಾಣದ ಅನಿಲ ಅದರ ಪರದೆಯಲ್ಲಿ ಹೊಗೆಯ ಹಾಗೆ ಕಾಣುತ್ತದೆ. ಮೂಲೆಯ ವಾಲ್ವಿನ ಕಡೆ ತಿರುಗಿಸಿದ್ದೇ ತಡ, ಪರದೆಯ ತುಂಬ ಕಪ್ಪಗೆ ಏಳುತ್ತಿತ್ತು — ಒಲೆಯಲ್ಲಿ ಹಸಿಸೌದೆ ಇಟ್ಟ ಹಾಗೆ. ಕ್ಯಾಮೆರಾ ಪಕ್ಕಕ್ಕೆ ಸರಿಸಿದರೆ ಅಲ್ಲಿ ಏನೂ ಇಲ್ಲ, ಬರೀ ಬಿಸಿಲು. ಎಷ್ಟು ತಿಂಗಳಿಂದ ಹಾಗೆ ಹೋಗುತ್ತಿತ್ತೋ.

ಸಾಹೇಬರು ಹತ್ತಿರ ಬಗ್ಗಿ, “ಇದೇನು ಕಲೆ?” ಎಂದರು. ಜೋಡಣೆಯ ಸುತ್ತ ಒಣಗಿದ ನೊರೆಯ ಗುರುತಿತ್ತು.

ಕೇತಣ್ಣ ಮುಂದೆ ಬಂದರು. ಅವರ ಮುಖದಲ್ಲಿದ್ದ ಸಂತೋಷ ಈಗಲೂ ನನ್ನ ಕಣ್ಣಲ್ಲಿದೆ. “ನಾನೇ ಸಾ. ಅಂಟುವಾಳದ್ ನೊರೆ ಬಳ್ದು ಕಂಡಿಡ್ದೆ.”

“ನಿನಗೆ ಮುಟ್ಟೋಕೆ ಹೇಳಿದ್ದು ಯಾರು?”

ಸಾಹೇಬರು ನನ್ನ ಹಾಳೆ ತರಿಸಿದರು. ಆ ನಂಬರಿನ ಮುಂದೆ ಸೊನ್ನೆ, ಕೆಳಗೆ ನನ್ನ ಸಹಿ. ನನ್ನ ಕಡೆ ತಿರುಗಿ, “ಏನಮ್ಮ ಇದು?” ಎಂದರು.

ನಾನು ಹೇಳಿದೆ: “ನಾನು ನೋಡಿದಾಗ ಸರಿಯಿತ್ತು ಸರ್.”

ಅಷ್ಟೇ ಹೇಳಿದ್ದು. ಕೇತಣ್ಣ ಬಿಚ್ಚಿದ ಎಂದು ನಾನು ಹೇಳಲಿಲ್ಲ. ಬಹಳ ಕಾಲ ಇದನ್ನೇ ಹಿಡಿದುಕೊಂಡು ಬದುಕಿದೆ — ನಾನು ಹಾಗೆ ಹೇಳಲೇ ಇಲ್ಲವಲ್ಲ. ಹೇಳುವ ಅಗತ್ಯವಿರಲಿಲ್ಲ. ನಾನು ನೋಡಿದಾಗ ಸರಿಯಿತ್ತು, ಈಗ ಸೋರುತ್ತಿದೆ, ನಡುವೆ ಅದನ್ನು ಮುಟ್ಟಿದವನು ಎದುರಿಗೇ ನಿಂತು ಒಪ್ಪಿಕೊಂಡಿದ್ದಾನೆ. ಉಳಿದದ್ದನ್ನು ಅವರವರೇ ಕೂಡಿಸಿಕೊಂಡರು.

“ಸ್ಪ್ಯಾನರ್ ಹಾಕಿದೆಯೇನೋ?” ಎಂದರು ನಮ್ಮ ಸೂಪರ್‌ವೈಸರ್. ಸಾಹೇಬರಿಗೆ ವಿವರಿಸುವ ದನಿಯಲ್ಲಿ, “ಈ ಕಾಡಿನ ಜನಕ್ಕೆ ಕಬ್ಬಿಣ ಕಂಡರೆ ಕೈ ಸುಮ್ಮನಿರಲ್ಲ ಸರ್” ಎಂದರು.

“ಇಲ್ಲ ಸಾ. ಮೇಡಮ್ನೋರ್ಗೆ ಮೊದ್ಲೇ ಯೇಳಿದ್ದೆ. ಕೇಳಿ ಬೇಕಾರೆ.”

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಎಂದರೆ, ಯಾಕೆ ಬರಲಿಲ್ಲ ಎನ್ನುತ್ತಾರೆ. ಇಲ್ಲ ಎಂದರೆ ಹಸಿ ಸುಳ್ಳು. ನಾನು ಎರಡನ್ನೂ ಹೇಳಲಿಲ್ಲ — ಅದಕ್ಕಿಂತ ಕೆಟ್ಟದ್ದನ್ನು ಹೇಳಿದೆ.

“ವಾಲ್ವು ಮಾತಾಡುತ್ತದೆ ಅಂತ ಏನೋ ಅಂದಿದ್ದ ಸರ್.”

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. “ಸಂಜೆ ಹಾಕ್ಕೊಂಡಾಗ ಎಲ್ಲಾ ಮಾತಾಡ್ತವೆ” ಎಂದರು ಯಾರೋ. ಕೇತಣ್ಣ ಕುಡಿಯುವವರೇ ಅಲ್ಲ. ಅವರು ನನ್ನನ್ನು ನೋಡಿದರು. ಬೇಡಿಕೊಳ್ಳುವ ನೋಟವಲ್ಲ, ಸಿಟ್ಟೂ ಅಲ್ಲ. ಏನನ್ನೋ ಕಾಯುವ ಹಾಗೆ — ಸ್ವಲ್ಪ ಹೊತ್ತು ನೋಡಿ, ಆಮೇಲೆ ನೋಡುವುದನ್ನು ಬಿಟ್ಟರು. ಸಂಜೆಗೆ ಸೂಪರ್‌ವೈಸರ್ ಅವರಿಗೆ ಯೂನಿಫಾರ್ಮ್ ಬಿಚ್ಚಿ ಕೊಟ್ಟು ಹೋಗಲು ಹೇಳಿದರು. ಕೇತಣ್ಣ ಅದನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಹೋದರು.

ಇಷ್ಟಕ್ಕೇ ಮುಗಿಯಲಿಲ್ಲ. ಬೋಲ್ಟು ಬಿಗಿದರೆ ಸೋರಿಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಜೋಡಣೆಯನ್ನೇ ಬಿಚ್ಚಬೇಕೆಂದಾಯಿತು. ಪೈಪು ಬಿಚ್ಚಬೇಕಾದರೆ ಒಳಗಿನ ಅನಿಲ ಖಾಲಿಯಾಗಬೇಕು. ಮೊದಲೇ ರಿಪೇರಿಯ ಪಟ್ಟಿಯಲ್ಲಿದ್ದರೆ ಕಂಪ್ರೆಸರ್ ತರಿಸಿ, ಆ ಅನಿಲವನ್ನು ಪಕ್ಕದ ಭಾಗಕ್ಕೆ ಒತ್ತಿ ಉಳಿಸಿಕೊಳ್ಳುತ್ತಾರೆ. ನಮ್ಮ ಕಾರ್ಯಕ್ರಮದ ಮುಖ್ಯ ಉದ್ದೇಶಗಳಲ್ಲಿ ಅದೂ ಒಂದು. ಪಟ್ಟಿಯಲ್ಲಿ ಇದ್ದದ್ದು ನನ್ನ ಸೊನ್ನೆ. ಕಂಪ್ರೆಸರ್ ಬರಲು ವಾರಗಳಾಗುತ್ತವೆ ಎಂದು ಎರಡು ವಾಲ್ವುಗಳ ನಡುವಿನ ಅನಿಲವನ್ನೆಲ್ಲ ಎತ್ತರದ ಕೊಳವೆಯಿಂದ ಆಕಾಶಕ್ಕೆ ಬಿಟ್ಟರು. ಆ ಅಬ್ಬರಕ್ಕೆ ಗದ್ದೆಯಲ್ಲಿದ್ದವರು ಕಿವಿ ಮುಚ್ಚಿಕೊಂಡು ಓಡಿದರು, ದನಗಳು ಹಗ್ಗ ಕಿತ್ತುಕೊಂಡವು. ತಿಂಗಳುಗಟ್ಟಲೆ ಸೋರಿದ್ದಕ್ಕಿಂತ ಹೆಚ್ಚು ಒಂದೇ ಮಧ್ಯಾಹ್ನ ಹೋಯಿತು. ತಡೆಯಬೇಕಾದ ಕೆಲಸಕ್ಕೆ ನೇಮಕವಾದವಳು ಹೆಲ್ಮೆಟ್ ಹಾಕಿಕೊಂಡು ನಿಂತು ನೋಡಿದಳು.

ಜೋಡಣೆ ಬಿಚ್ಚಿದಾಗ ನಡುವೆ ಕೂರಿಸಿದ್ದ ಗ್ಯಾಸ್ಕೆಟ್ — ಬಳೆಯಂಥ ಬಿಲ್ಲೆ — ಒಂದು ಕಡೆ ಪೂರ್ತಿ ಸವೆದು ಪುಡಿಯಾಗಿತ್ತು. ವಯಸ್ಸಾದ ಫಿಟ್ಟರು ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದರು.

“ಇದು ನೆನ್ನೆ ಮೊನ್ನೆದಲ್ಲ ಕಣವ್ವ. ವರ್ಸದಿಂದ ತಿಂದದೆ ಇದು. ಆ ಸೋಲಿಗ್ರಣ್ಣ ಬೋಲ್ಟ್ ಮುಟ್ಟೇ ಇಲ್ಲ.”

ಸಾಕ್ಷಿ ನನ್ನ ಕಣ್ಣಮುಂದೆ ಇತ್ತು. ಕೈ ಚಾಚಿ ತೆಗೆದುಕೊಂಡು ಒಂದು ಕವರಿಗೆ ಹಾಕಿ ಮೇಲಕ್ಕೆ ಕಳುಹಿಸಿದ್ದರೆ ಕೇತಣ್ಣ ಮರುದಿನವೇ ಅಂಗಳ ಗುಡಿಸುತ್ತಿದ್ದರು.

“ಸ್ಕ್ರ್ಯಾಪಿಗೆ ಹಾಕಿ” ಎಂದೆ.

ಫಿಟ್ಟರು ನನ್ನನ್ನೊಮ್ಮೆ ನೋಡಿ ಡಬ್ಬಕ್ಕೆ ಎಸೆದರು. ಆ ವರ್ಷವೇ ನಾನು ಕಾಯಂ ಆದೆ.

ಕೇತಣ್ಣನ ಸುದ್ದಿ ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಿತ್ತು. ಬೋಲ್ಟಿನ ಮಾತು ಬಾಯಿಂದ ಬಾಯಿಗೆ ಕಳ್ಳತನವಾಗಿ, ಬೇರೆ ಕಡೆ ಕಾವಲಿನ ಕೆಲಸ ಕೇಳಲು ಹೋದರೆ “ಗ್ಯಾಸ್ ಕದಿಯಕ್ಕೋದೋನಲ್ವಾ” ಎಂದರಂತೆ. ಕೊಡಗಿನ ತೋಟಕ್ಕೆ ಕೂಲಿಗೆ ಹೋದರಂತೆ, ಎರಡು ವರ್ಷ ಬಿಟ್ಟು ತಿರುಗಿ ಬಂದರಂತೆ. ಅವರ ಪೋಡಿನಲ್ಲಿ — ಸೋಲಿಗರು ತಮ್ಮ ಊರನ್ನು ಹಾಗೆ ಕರೆಯುತ್ತಾರೆ — ಮಗಳ ಮದುವೆಯ ಮಾತು ಬಂದಾಗಲೂ ಯಾರೋ ಈ ವಿಷಯ ಎತ್ತಿದರಂತೆ. ಎಲ್ಲವೂ ‘ಅಂತೆ’. ಹೋಗಿ ನೋಡುವ ಧೈರ್ಯ ನನಗಿರಲಿಲ್ಲ.

ನಾನು ಮಾತ್ರ ಮೇಲೆ ಹೋದೆ. ಹೊಸಬರಿಗೆ ಪಾಠ ಹೇಳುವವಳಾದೆ. ಇತ್ತೀಚೆಗೆ ತಪಾಸಣೆಯ ಹಾಳೆಯನ್ನು ತಿದ್ದಿ ಕೊಡಿ, ನಿಮಗೆ ಅನುಭವವಿದೆ ಎಂದು ನನಗೇ ಒಪ್ಪಿಸಿದರು. ನಾನು ಒಂದು ಹೊಸ ಖಾನೆ ಸೇರಿಸಿದೆ: ‘ಅಳೆದಿಲ್ಲ’. ಯಂತ್ರ ಕೆಟ್ಟರೆ, ಜಾಗ ಸಿಗದಿದ್ದರೆ, ಮರೆತರೆ, ಅಲ್ಲೊಂದು ಗೀಟು ಹಾಕಿದರೆ ಸಾಕು, ಯಾರೂ ಬೈಯುವಂತಿಲ್ಲ. ಬಹಳ ಒಳ್ಳೆಯ ಯೋಚನೆ ಎಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಎದ್ದು ನಿಂತು ಕೈಮುಗಿಯಬೇಕಿತ್ತು. ಏಳಲಿಲ್ಲ. ಆ ಸೊನ್ನೆಯನ್ನು ಹೊತ್ತು ಹೊತ್ತು ಸಾಕಾಗಿತ್ತು.

ಆ ಭಾನುವಾರ ಬೆಟ್ಟದ ಬಸ್ಸು ಹತ್ತಿದೆ.

ಕೇತಣ್ಣ ಮನೆಯ ಮುಂದೆ ಕೂತು ಬೇಲಿಗೆ ಬಿದಿರು ಸೀಳುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲಿಲ್ಲ, ಕೂರಲು ಹೇಳಲೂ ಇಲ್ಲ. ಅವರ ಹೆಂಡತಿ ಜಡೆಮ್ಮ ಬಾಗಿಲಿಗೆ ಬಂದು ನಿಂತರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ಬ್ಯಾಟರಿ, ಸೊನ್ನೆ, ಫೋನು, ಗ್ಯಾಸ್ಕೆಟ್. ಕತ್ತಿ ನಿಲ್ಲಲಿಲ್ಲ. ಮುಗಿದ ಮೇಲೆ ಅವರು ಸೀಳಿದ ದಬ್ಬೆಗಳನ್ನು ಒಟ್ಟುಮಾಡಿದರು.

“ನಿಮ್ ಮಿಷಿನ್ನು ಸತ್ತೋಗಿತ್ತು ಅಂತ ನನ್ಗವತ್ತೇ ಗೊತ್ತಿತ್ತು. ಅದ್ರ ದೀಪ ಆರೋಗಿತ್ತಲ್ಲ.”

“ಮತ್ತೆ ಅವತ್ತು ಸಾಹೇಬರ ಮುಂದೆ ಯಾಕೆ ಹೇಳಲಿಲ್ಲ ಕೇತಣ್ಣ?”

“ನೀವೇ ಯೇಳ್ತೀರಿ ಅನ್ಕಂಡು ಕಾಯ್ತಿದ್ದೆ.”

ಜಡೆಮ್ಮ ಬಾಗಿಲಿನಿಂದಲೇ ಕೇಳಿದರು: “ಈಗ್ಯಾಕವ್ವ ಬಂದೆ? ನಿನ್ನೆದೆ ಅಗುರಾಗ್ಲಿ ಅಂತ್ಲಾ?”

ಹೌದು, ಅದಕ್ಕೇ ಬಂದಿದ್ದೆ. ಕ್ಷಮಿಸಿದೆ ಹೋಗವ್ವ ಎನ್ನುತ್ತಾರೆ, ನಾನು ಅತ್ತು ಹಿಂದಿರುಗುತ್ತೇನೆ ಎಂದುಕೊಂಡೇ ಬಂದಿದ್ದೆ.

ಕೇತಣ್ಣ ಹೇಳಿದ್ದು ಇಷ್ಟು: “ನನ್ಗ್ ಯೇಳಿ ಏನಾದ್ದು ಮೇಡಮ್ನೋರೆ? ನಾ ಬಿಚ್ನಿಲ್ಲ ಅಂತ ನನ್ಗ್ ಗೊತ್ತು. ಗೊತ್ತಿಲ್ದೋರ್ಗೆ ಯೇಳಿ.”

ಸೋಮವಾರ ಎಲ್ಲವನ್ನೂ ಬರೆದು, ಸಹಿ ಹಾಕಿ ಆಫೀಸಿಗೆ ಕೊಟ್ಟೆ. ಸೂಪರ್‌ವೈಸರ್ ಓದಿ ಬಾಗಿಲು ಮುಚ್ಚಿದರು. “ಯಾಕಮ್ಮ ಹಳೇದನ್ನ ಕೆದಕ್ತೀಯ? ಕೆಲಸ ಹೋಗುತ್ತೆ ನಿಂದು. ಹೀಗೆ ಬರೆದ ಸೊನ್ನೆ ಇನ್ನೆಷ್ಟಿವೆ ಅಂತ ನಮ್ಮೆಲ್ಲರನ್ನೂ ಕೇಳ್ತಾರೆ.”

“ಕೇಳಲಿ ಸರ್” ಎಂದೆ. ಕೇಳಬೇಕಾದ್ದೇ ಅದು.

ಇನ್ನೂ ಉತ್ತರ ಬಂದಿಲ್ಲ. ಅಪ್ಪನಿಗೆ ಹೇಳಿದ್ದೇನೆ. ಪೂರ್ತಿ ಕೇಳಿ, ಎದ್ದು, ದನದ ಕೊಟ್ಟಿಗೆಗೆ ಹೋದರು. ಇದನ್ನು ಓದುತ್ತಿರುವ ನಿಮಗೆ ಕೇತೇಗೌಡರು ಗೊತ್ತಿಲ್ಲದಿರಬಹುದು. ಯಳಂದೂರಿನ ಕಡೆಯವರಾದರೆ ಗ್ಯಾಸ್ ಕದಿಯಲು ಹೋದ ಸೋಲಿಗನೊಬ್ಬನ ಕತೆ ಎಲ್ಲೋ ಕೇಳಿರಬಹುದು. ಅವರು ಏನನ್ನೂ ಬಿಚ್ಚಲಿಲ್ಲ, ಕದಿಯಲಿಲ್ಲ. ಸೋರಿಕೆಯನ್ನು ಮೊದಲು ಕಂಡುಹಿಡಿದವರೇ ಅವರು.

ನಾಳೆ ಅವರ ಪೋಡಿನಲ್ಲಿ ಹಿರಿಯರು ಸೇರುತ್ತಾರೆ. ಅವರ ಮುಂದೆ ನಿಂತು ಇದನ್ನೇ ಹೇಳಲು ಒಪ್ಪಿಗೆ ಕೇಳಿದ್ದೆ, ಬರಲಿ ಎಂದಿದ್ದಾರೆ. ಕೇತಣ್ಣ ಬರುವುದಿಲ್ಲವಂತೆ. ಬೇಲಿಯ ಕೆಲಸ ಇನ್ನೂ ಬಾಕಿ ಇದೆಯಂತೆ.